ನ್ಯಾಯಪೀಠಕ್ಕೆ ಬಂದ ಹೆಣ್ಣುಮಕ್ಕಳು: ನಮ್ಮ ಮಕ್ಕಳಿಗೆ ಹೇಳಬೇಕಾದ ಪಾಠ

(ಬಂಗಾರಪೇಟೆಯಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಕುಟುಂಬದವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಿನ ಜಾವ ಮಾರಿಕುಪ್ಪದ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಹಗಲೆಲ್ಲ ದುಡಿದು, ರಾತ್ರಿ ಮನೆ ಸೇರುವವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಉಳಿದವರು ಅಂಗಡಿಗೆ ಬೀಗ ಹಾಕಿ, ಗಾಡಿಗೆ ಟಾರ್ಪಾಲು ಹೊದಿಸಿ ಬಂದಿದ್ದೀರಿ. ವಾರಕ್ಕೊಂದು ರಜೆ, ಅದರಲ್ಲಿ ಒಂದು ಗಂಟೆ ನಮಗೆ ಕೊಟ್ಟಿದ್ದೀರಿ. ಆದ್ದರಿಂದ ಸುತ್ತಿ ಬಳಸಿ ಮಾತಾಡದೆ ನಮ್ಮದೇ ಒಂದು ತಪ್ಪಿನಿಂದ ಆರಂಭಿಸುತ್ತೇವೆ.

ಸಂಘಟನೆಯ ಕೆಲಸಕ್ಕೆ ಬರುವ ಮೊದಲು ನಾವು ಮಕ್ಕಳಿಗೆ ಪಾಠ ಹೇಳುತ್ತಿದ್ದೆವೆಂಬುದು ನಿಮಗೆ ಗೊತ್ತು. ಪರೀಕ್ಷೆ ಹತ್ತಿರ ಬಂದಾಗ ಸಾಮಾನ್ಯ ಜ್ಞಾನವೆಂದು ಒಂದು ಪಟ್ಟಿಯನ್ನು ಹಲಗೆಯ ಮೇಲೆ ಬರೆಯುತ್ತಿದ್ದೆವು. ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಯಾರು? ಅನ್ನಾ ಚಾಂಡಿ. ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಯಾರು? ಫಾತಿಮಾ ಬೀವಿ. ಮಕ್ಕಳು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದರು. ನಾವೂ ಸರಿ ಗುರುತು ಹಾಕಿ ಮುಗಿಸುತ್ತಿದ್ದೆವು.

ಒಂದು ಸಂಜೆ ಹತ್ತನೇ ತರಗತಿಯ ಒಬ್ಬಳು ಹುಡುಗಿ ಎದ್ದು ನಿಂತಳು. ಅವಳ ತಾತ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು, ಮನೆ ಕೆ.ಜಿ.ಎಫ್.ನ ಲೈನಿನಲ್ಲಿ. "ಸಾರ್, ಅವರಿಗಿಂತ ಮುಂಚೆ ಯಾಕೆ ಯಾರೂ ಜಡ್ಜಿ ಆಗಲಿಲ್ಲ? ಹೆಂಗಸರು ಯಾರೂ ಓದೇ ಇರಲಿಲ್ಲವಾ?" ಎಂದು ಕೇಳಿದಳು. ನಾವು ಬಾಯಿ ತೆರೆಯುವಷ್ಟರಲ್ಲಿ ಎರಡನೆಯ ಪ್ರಶ್ನೆಯೂ ಬಂತು: "ನಾನು ಆಗಬೇಕಾದರೆ ಏನು ಓದಬೇಕು ಸಾರ್?"

ಎರಡಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. "ಪರೀಕ್ಷೆಗೆ ಇಷ್ಟು ಸಾಕು, ಕೂತ್ಕೋಮ್ಮ" ಎಂದುಬಿಟ್ಟೆವು. ಮಾರನೆಯ ವರ್ಷ ಅವಳು ನಿಮ್ಮ ಜೊತೆ ಅದೇ ಬೆಳಗಿನ ರೈಲಿನಲ್ಲಿದ್ದಳು, ಬಟ್ಟೆ ಕಾರ್ಖಾನೆಯ ಕೆಲಸಕ್ಕೆ. ಹೊಲಿಗೆಯ ಕೆಲಸ ಕೀಳೆಂದು ನಾವು ಹೇಳುತ್ತಿಲ್ಲ. ದುಡಿದು ತಿನ್ನುವ ಯಾವ ಕೆಲಸವೂ ಕೀಳಲ್ಲ. ಆದರೆ ಅವಳು ಅದನ್ನು ಆರಿಸಿಕೊಂಡು ಹೋಗಲಿಲ್ಲ. ಬೇರೆ ದಾರಿ ಯಾವುದೆಂದು ಕೇಳಿದಾಗ ಮೇಷ್ಟ್ರು ಕೂತ್ಕೋ ಎಂದರು. ಆ ಎರಡು ಪ್ರಶ್ನೆಗಳಿಗೆ ನಾವು ತಡವಾಗಿ ಹುಡುಕಿಕೊಂಡ ಉತ್ತರವೇ ಇವತ್ತಿನ ಮಾತು.

ಮೊದಲ ಪ್ರಶ್ನೆ: ಮುಂಚೆ ಯಾಕೆ ಯಾರೂ ಆಗಲಿಲ್ಲ?

ಓದಿದ ಹೆಂಗಸರಿದ್ದರು. ಪಾಸು ಮಾಡಿದವರೂ ಇದ್ದರು. ಒಳಗೆ ಬಿಡಲಿಲ್ಲ, ಅಷ್ಟೆ. ಕಾರ್ನೆಲಿಯಾ ಸೊರಾಬ್ಜಿ ಎಂಬಾಕೆ 1892ರಲ್ಲೇ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆಗೆ ಕೂತರು. ಪರೀಕ್ಷೆ ಬರೆಯಲು ಬಿಟ್ಟ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಹೆಂಗಸರಿಗೆ ಪದವಿ ಕೊಡುವ ಪದ್ಧತಿ ಅಲ್ಲಿ ಬಂದದ್ದೇ 1920ರಲ್ಲಿ. ಒಂದು ಕಾಗದಕ್ಕೆ ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು. ಈ ನಡುವೆ ಅವರು ಪರದೆಯೊಳಗಿನ ಹೆಂಗಸರ ಆಸ್ತಿ ವ್ಯವಹಾರಗಳಿಗೆ ಸಲಹೆಗಾರ್ತಿಯಾಗಿ ದುಡಿದರು. ರಾಜಕೀಯದಲ್ಲಿ ಆಕೆ ಬ್ರಿಟಿಷ್ ಆಳ್ವಿಕೆಯ ಪರ, ಗಾಂಧೀಜಿಯವರ ಚಳವಳಿಗೆ ವಿರೋಧ. ಅದನ್ನು ನಾವು ಒಪ್ಪುವುದಿಲ್ಲ, ಮಕ್ಕಳಿಂದ ಮುಚ್ಚಿಡುವುದೂ ಇಲ್ಲ. ಆದರೆ ಬಾಗಿಲು ತಟ್ಟಿದವರಲ್ಲಿ ಆಕೆ ಮೊದಲಿಗರೆಂಬುದು ಸತ್ಯ.

1916ರಲ್ಲಿ ಕಲ್ಕತ್ತೆಯ ರೆಜೀನಾ ಗುಹಾ ಕಾನೂನು ಪದವಿ ಪಡೆದು ವಕೀಲಿಯ ಸನ್ನದು ಕೇಳಿ ಅರ್ಜಿ ಹಾಕಿದರು. ಐದು ಮಂದಿ ನ್ಯಾಯಮೂರ್ತಿಗಳು ಕೂತು ವಿಚಾರಿಸಿದರು. ಕಾನೂನಿನ ಪುಸ್ತಕಗಳಲ್ಲಿ 'ಅವನು' ಎಂದು ಬರೆದಿದ್ದರೆ 'ಅವಳು' ಎಂಬುದೂ ಅದರಲ್ಲಿ ಸೇರುತ್ತದೆಂಬ ಸಾಮಾನ್ಯ ನಿಯಮ ಆಗಲೂ ಇತ್ತು. ಅದನ್ನೇ ಹಿಡಿದು ವಾದ ನಡೆಯಿತು. ಪ್ರಯೋಜನವಾಗಲಿಲ್ಲ. ವಕೀಲರ ವಿಷಯಕ್ಕೆ ಆ ನಿಯಮ ಹೊಂದುವುದಿಲ್ಲವೆಂದು ಅರ್ಜಿ ತಳ್ಳಿಹಾಕಿದರು. ತೆರಿಗೆ ಕಟ್ಟುವಾಗ, ಶಿಕ್ಷೆ ಅನುಭವಿಸುವಾಗ 'ಅವನು' ಎಂಬುದರಲ್ಲಿ ಹೆಣ್ಣೂ ಸೇರುತ್ತಾಳೆ. ಕಪ್ಪು ಕೋಟು ತೊಡುವಾಗ ಮಾತ್ರ ಸೇರುವುದಿಲ್ಲ! ಇದನ್ನು ಮಕ್ಕಳಿಗೆ ಹೇಳಿ ನೋಡಿ. ವ್ಯಾಕರಣದ ಪಾಠವೂ ಆಗುತ್ತದೆ, ನ್ಯಾಯದ ಪಾಠವೂ ಆಗುತ್ತದೆ.

1921ರಲ್ಲಿ ಸುಧಾಂಶುಬಾಲಾ ಹಜ್ರಾ ಅವರು ಪಾಟ್ನಾ ಹೈಕೋರ್ಟಿನ ಬಾಗಿಲು ತಟ್ಟಿದರು. ಅಲ್ಲೂ ಇಲ್ಲವೆಂದರು. ಅದೇ 1921ರಲ್ಲಿ ಅಲಹಾಬಾದ್ ಹೈಕೋರ್ಟು ಕಾರ್ನೆಲಿಯಾ ಸೊರಾಬ್ಜಿಯವರನ್ನು ವಕೀಲರ ಪಟ್ಟಿಗೆ ಸೇರಿಸಿಕೊಂಡಿತು. ದೇಶ ಒಂದೇ, ವರ್ಷ ಒಂದೇ. ಒಂದು ಊರಿನಲ್ಲಿ ಆಗದು, ಇನ್ನೊಂದು ಊರಿನಲ್ಲಿ ಆಗಬಹುದು. ಕೊನೆಗೆ 1923ರಲ್ಲಿ ಕಾನೂನೇ ತರಬೇಕಾಯಿತು: ಹೆಂಗಸೆಂಬ ಕಾರಣಕ್ಕೆ ವಕೀಲಿಯಿಂದ ಹೊರಗಿಡಬಾರದೆಂದು. ಸೋತ ಅರ್ಜಿಗಳಿಂದಲೇ ಆ ಕಾನೂನು ಹುಟ್ಟಿತು. ರೆಜೀನಾ ಗುಹಾ ಅವರ ಹೆಸರು ನಮ್ಮ ಹಲಗೆಯ ಪಟ್ಟಿಯಲ್ಲಿರಲಿಲ್ಲ; ಆಕೆ 'ಮೊದಲಿಗಳು' ಆಗಲಿಲ್ಲವಲ್ಲ! ಮುಷ್ಕರ ಮಾಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮುಷ್ಕರ ಸೋಲುತ್ತದೆ, ಮೂರನೆಯದು ಗೆಲ್ಲುತ್ತದೆ. ಆದರೆ ಮೊದಲನೆಯದು ನಡೆಯದಿದ್ದರೆ ಮೂರನೆಯದೆಲ್ಲಿ?

ವಕೀಲಿಯ ಬಾಗಿಲು ತೆರೆದ ಮೇಲೆ ಪೀಠದ ಮೆಟ್ಟಿಲು ಉಳಿದಿತ್ತು. ತಿರುವಾಂಕೂರಿನ ಅನ್ನಾ ಚಾಂಡಿಯವರು 1926ರಲ್ಲಿ ಕಾನೂನು ಪದವಿ ಪಡೆದರು. 'ಶ್ರೀಮತಿ' ಎಂಬ ಹೆಂಗಸರ ಪತ್ರಿಕೆ ನಡೆಸಿದರು. ಅಲ್ಲಿನ ಶ್ರೀಮೂಲಂ ಸಭೆಯ ಚುನಾವಣೆಗೆ ನಿಂತಾಗ ಎದುರಾಳಿಗಳೂ ಪತ್ರಿಕೆಗಳೂ ಆಕೆಯ ಮೇಲೆ ಹರಿಹಾಯ್ದರು. ಆಕೆ ಹಿಂಜರಿಯಲಿಲ್ಲ, 1932ರಲ್ಲಿ ಸದಸ್ಯೆಯಾದರು. 1937ರಲ್ಲಿ ಮುನ್ಸೀಫರಾದರು, 1948ರಲ್ಲಿ ಜಿಲ್ಲಾ ನ್ಯಾಯಾಧೀಶೆ, 1959ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ.

ಅದೇ ಸೀಮೆಯ ಪತ್ತನಂತಿಟ್ಟದ ಫಾತಿಮಾ ಬೀವಿಯವರು 1950ರಲ್ಲಿ ವಕೀಲರಾಗಿ, 1958ರಲ್ಲಿ ಮುನ್ಸೀಫರಾಗಿ, ಮೆಟ್ಟಿಲು ಮೆಟ್ಟಿಲೇ ಹತ್ತಿ 1989ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಲೆಕ್ಕ ಹಾಕಿ. ಮುನ್ಸೀಫರ ಕುರ್ಚಿಯಲ್ಲಿ ಅನ್ನಾ ಚಾಂಡಿ ಕೂತದ್ದು 1937. ದೇಶದ ಅತ್ಯುನ್ನತ ಪೀಠದಲ್ಲಿ ಒಬ್ಬ ಹೆಂಗಸು ಕೂತದ್ದು 1989. ನಡುವೆ 52 ವರ್ಷ. ಸಂವಿಧಾನ ಬಂದ ಮೇಲೂ 39 ವರ್ಷ. ಅಂದು ದೇಶದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ನಮ್ಮ ಕರ್ನಾಟಕದ ಇ. ಎಸ್. ವೆಂಕಟರಾಮಯ್ಯನವರು. ಅವರ ಮಗಳು ಬಿ. ವಿ. ನಾಗರತ್ನ ಅವರ ಮಾತಿಗೆ ಆಮೇಲೆ ಬರುತ್ತೇವೆ.

ಇಷ್ಟು ತಡವಾದರೆ ಏನು ಮಹಾ ನಷ್ಟವೆಂದು ಯಾರಾದರೂ ಕೇಳಬಹುದು. ಉತ್ತರ ನಮ್ಮೂರಿನಲ್ಲೇ ಇದೆ. 1952ರ ಗಣಿ ಕಾಯಿದೆ ಹೆಂಗಸರು ನೆಲದಡಿ ಕೆಲಸ ಮಾಡಕೂಡದೆಂದು ಹೇಳಿತು. ನೆಲದಡಿಯ ಕೆಲಸ ಎಷ್ಟು ಕ್ರೂರವೆಂಬುದನ್ನು ಚಾಂಪಿಯನ್ ರೀಫಿನ ಶಾಫ್ಟಿಗೆ ಇಳಿದವರ ಮನೆಯವರಾದ ನೀವು ಬಲ್ಲಿರಿ. ರಕ್ಷಣೆಯ ಉದ್ದೇಶವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಹೆಣ್ಣು ಇಂಜಿನಿಯರ್ ಆದರೂ, ಸರ್ವೇಯರ್ ಆದರೂ ಕೆಳಗಿಳಿದು ದುಡಿಯುವ ಕೆಲಸ ಆಕೆಗಿಲ್ಲವೆಂಬಂತಾಯಿತು. 2019ರಲ್ಲಿ ಕೇಂದ್ರ ಸರ್ಕಾರ ಷರತ್ತುಗಳೊಡನೆ ಆ ಬಾಗಿಲು ತೆರೆಯಿತು. ನಮ್ಮ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಬಾಗಿಲು ತೆರೆಯುವ ಹೊತ್ತಿಗೆ ಇಲ್ಲಿ ಉಳಿದದ್ದು ಸೈನೈಡ್ ದಿಬ್ಬ ಮಾತ್ರ. ತಡವಾಗಿ ಕೊಟ್ಟ ಹಕ್ಕು ಕೆಲವರ ಪಾಲಿಗೆ ಕೊಡದ ಹಕ್ಕೇ ಸರಿ. 1950ರಲ್ಲೋ 1970ರಲ್ಲೋ ಪೀಠಕ್ಕೆ ಬರಬಹುದಾಗಿದ್ದ ಹೆಂಗಸರ ಹೆಸರು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಇನ್ನು ಪೀಠಕ್ಕೆ ಬಂದವರು ಏನು ಮಾಡಿದರು? ಹೆಸರು ಹೇಳಿ ಕೈಮುಗಿದು ಬಿಡುವುದು ನಮ್ಮ ಹಳೆಯ ರೋಗ. ಕುರ್ಚಿಯಲ್ಲಿ ಕೂತು ಬರೆದದ್ದೇನೆಂದು ಮಕ್ಕಳು ಕೇಳಬೇಕು.

ರಾಜಸ್ಥಾನದ ಭಂವರಿ ದೇವಿ ಎಂಬ ಗ್ರಾಮದ ಕಾರ್ಯಕರ್ತೆ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಘೋರ ಅನ್ಯಾಯಕ್ಕೆ ಗುರಿಯಾದರು. ಆ ಪ್ರಕರಣದ ಬೆನ್ನಿಗೆ ಹೆಂಗಸರ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ವಿಶಾಖಾ ತೀರ್ಪು ಬಂತು. ಮೂವರ ಪೀಠದಲ್ಲಿ ಸುಜಾತಾ ಮನೋಹರ್ ಒಬ್ಬರು. ದುಡಿಯುವ ಜಾಗದಲ್ಲಿ ಹೆಣ್ಣಿಗೆ ಲೈಂಗಿಕ ಕಿರುಕುಳವಾಗದಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆಯೆಂದು ಆ ತೀರ್ಪು ಹೇಳಿತು. ಅದೇ 2013ರಲ್ಲಿ ಕಾನೂನಾಯಿತು. ಹತ್ತು ಮಂದಿ ಅಥವಾ ಹೆಚ್ಚು ದುಡಿಯುವ ಕಡೆ ಹೆಂಗಸಿನ ಅಧ್ಯಕ್ಷತೆಯಲ್ಲಿ ದೂರು ಸಮಿತಿ ಇರಲೇಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಬರವಣಿಗೆಯಲ್ಲಿ ಹೋಗಬೇಕು. ನಾಳೆ ರೈಲು ಹತ್ತುವ ಅಕ್ಕತಂಗಿಯರೇ, ನಿಮ್ಮ ಕಾರ್ಖಾನೆಯ ಗೋಡೆಯ ಮೇಲೆ ಆ ಸಮಿತಿಯವರ ಹೆಸರಿದೆಯೇ? ನೋಡಿ ಬನ್ನಿ. ಇಲ್ಲದಿದ್ದರೆ ಒಬ್ಬರೇ ಕೇಳಬೇಡಿ, ಹತ್ತು ಜನ ಸೇರಿ ಕೇಳಿ.

ಈಗ ನಾಗರತ್ನ ಅವರ ಮಾತು. 1987ರಲ್ಲಿ ವಕೀಲರಾದವರು, 2008ರಲ್ಲಿ ಕರ್ನಾಟಕ ಹೈಕೋರ್ಟಿನ ಪೀಠಕ್ಕೆ, 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿಗೆ ಬಂದರು. 2016ರ ನವೆಂಬರ್ 8ರ ರಾತ್ರಿಯನ್ನು ಇಲ್ಲಿರುವ ಯಾವ ವ್ಯಾಪಾರಿಯೂ ಮರೆತಿಲ್ಲ. 500, 1000 ರೂಪಾಯಿಯ ನೋಟು ರದ್ದಾಯಿತು. ಚಿಲ್ಲರೆ ವ್ಯಾಪಾರ ಮಲಗಿತು. ಆ ಪ್ರಕರಣದ ತೀರ್ಪು 2023ರ ಜನವರಿ 2ರಂದು ಬಂದಾಗ ಐವರಲ್ಲಿ ನಾಲ್ವರು ಸರ್ಕಾರದ ಕ್ರಮ ಸರಿಯೆಂದರು. ನಾಗರತ್ನ ಒಬ್ಬರೇ ಭಿನ್ನ ತೀರ್ಪು ಬರೆದರು. ಸರ್ಕಾರವೇ ಮುಂದಾಗಿ ಇಷ್ಟು ದೊಡ್ಡ ಹೆಜ್ಜೆ ಇಡಬೇಕಾದರೆ ಪಾರ್ಲಿಮೆಂಟಿನ ಕಾನೂನೋ ಸುಗ್ರೀವಾಜ್ಞೆಯೋ ಬೇಕು, ಬರಿಯ ಅಧಿಸೂಚನೆ ಸಾಲದು ಎಂಬುದು ಅದರ ಸಾರ. ಕಳೆದುಹೋದ ವ್ಯಾಪಾರ ಅದರಿಂದ ಮರಳಿ ಬರಲಿಲ್ಲ. ಆದರೆ ನಾಲ್ವರ ಎದುರು ಒಬ್ಬರೇ ನಿಂತು ಕಾರಣ ಬರೆಯುವುದು ಸಣ್ಣ ಮಾತಲ್ಲ.

ಹಾಗೆಂದು ಅವರು ಬರೆದದ್ದೆಲ್ಲ ನಮಗೆ ಒಪ್ಪಿಗೆಯೇ? ಇಲ್ಲ. 2024ರ ಜುಲೈ 25ರಂದು ಒಂಬತ್ತು ಮಂದಿಯ ಪೀಠ ಖನಿಜದ ರಾಜಧನದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ರಾಜಧನ ತೆರಿಗೆಯಲ್ಲ, ಖನಿಜವಿರುವ ಭೂಮಿಯ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು ಎಂದು ಎಂಟು ಮಂದಿ ಹೇಳಿದರು. ಅಲ್ಲೂ ನಾಗರತ್ನ ಒಬ್ಬರೇ ಬೇರೆ. ರಾಜ್ಯಗಳಿಗೆ ಆ ಅಧಿಕಾರ ಇಲ್ಲವೆಂದರು. ನೂರಿಪ್ಪತ್ತು ವರ್ಷ ಚಿನ್ನ ಕೊಟ್ಟು ಬರಿಗೈಯಲ್ಲಿ ಉಳಿದ ಊರಿನವರಾದ ನಮಗೆ ಎಂಟು ಮಂದಿಯ ಮಾತೇ ಸರಿಯೆನಿಸುತ್ತದೆ. ಇದನ್ನೂ ಮಕ್ಕಳ ಮುಂದೆ ಇಡಿ. ಹೆಂಗಸೆಂದು ತೆಗಳಬಾರದು, ಹೆಂಗಸೆಂದು ಪೂಜಿಸಲೂಬಾರದು. ತೀರ್ಪನ್ನು ಓದಿ, ಕಾರಣ ತೂಗಿ, ಒಪ್ಪಬೇಕು ಅಥವಾ ಬಿಡಬೇಕು. ಪೀಠದ ಮೇಲಿರುವ ಗಂಡಸಿಗೆ ನಾವು ಕೊಡುವ ಮರ್ಯಾದೆಯೂ ಇದೇ ಅಲ್ಲವೇ?

ಸುಪ್ರೀಂ ಕೋರ್ಟು ಆರಂಭವಾದ 1950ರಿಂದ 2021ರ ನೇಮಕದವರೆಗೆ ಅಲ್ಲಿಗೆ ಬಂದ ಹೆಂಗಸರು ಒಟ್ಟು 11 ಮಂದಿ. 2025ರಲ್ಲಿ ಬೇಲಾ ತ್ರಿವೇದಿಯವರು ನಿವೃತ್ತರಾದಾಗ ಪೀಠದಲ್ಲಿ ಉಳಿದ ಮಹಿಳೆ ನಾಗರತ್ನ ಒಬ್ಬರೇ. ಹಿರಿತನದ ಕ್ರಮ ತಪ್ಪದಿದ್ದರೆ 2027ರ ಸೆಪ್ಟೆಂಬರಿನಲ್ಲಿ ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ ಅವರೇ ಆಗಬೇಕು. ಅದೂ ಒಂದು ತಿಂಗಳಿಗಿಂತ ತುಸು ಹೆಚ್ಚಿನ ಅವಧಿಗೆ.

ಇಲ್ಲಿ ಸಮಾಜವಾದಿಗಳಾದ ನಾವು ಇನ್ನೊಂದು ಮಾತು ಕೇಳಲೇಬೇಕು. ನಾಗರತ್ನ ಅವರ ತಂದೆ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಮನೆಯಲ್ಲೇ ಕಾನೂನಿನ ಪುಸ್ತಕವಿತ್ತು. ಲೈನು ಮನೆಯ ಹುಡುಗಿಗೆ, ಪಾನಿಪುರಿ ಗಾಡಿಯವರ ಮಗಳಿಗೆ ಏನಿದೆ? ಹೆಣ್ಣೆಂಬ ಗೋಡೆ ಒಂದು, ಬಡತನದ ಗೋಡೆ ಇನ್ನೊಂದು, ಜಾತಿಯ ಗೋಡೆ ಮತ್ತೊಂದು. ಒಂದು ಗೋಡೆ ಬಿದ್ದ ಮಾತ್ರಕ್ಕೆ ಎಲ್ಲರೂ ಒಳಗೆ ಬಂದಂತಲ್ಲ. ಜಿಲ್ಲಾ ಊರಿನಿಂದ ಹೋದವರೂ ಇದ್ದಾರೆಂಬುದಕ್ಕೆ ಮಂಜುಳಾ ಚೆಲ್ಲೂರರನ್ನು ನೋಡಿ. 1978ರಲ್ಲಿ ಅವರು ಬಳ್ಳಾರಿಯಲ್ಲಿ ವಕೀಲಿಗೆ ನಿಂತಾಗ ಆ ಊರಿನ ಮೊದಲ ಮಹಿಳಾ ವಕೀಲರು. 1988ರಲ್ಲಿ ಜಿಲ್ಲಾ ನ್ಯಾಯಾಧೀಶೆ, 2000ದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ. ಮುಂದೆ ಕೇರಳ, ಕಲ್ಕತ್ತೆ, ಬೊಂಬಾಯಿ, ಮೂರು ಹೈಕೋರ್ಟುಗಳಿಗೆ ಮುಖ್ಯ ನ್ಯಾಯಮೂರ್ತಿ. ಕಲ್ಕತ್ತೆಯ ಹೈಕೋರ್ಟಿಗೆ 2014ರಲ್ಲಿ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ ಅವರೇ. ರೆಜೀನಾ ಗುಹಾ ಅವರ ಅರ್ಜಿ ತಳ್ಳಿದ ಹೈಕೋರ್ಟು ಯಾವುದು? ಅದೇ ಕಲ್ಕತ್ತೆ! 1916ರಲ್ಲಿ ಹೆಣ್ಣಿಗೆ ವಕೀಲಿಯೂ ಇಲ್ಲವೆಂದ ಕೋರ್ಟಿನ ಅತಿ ಎತ್ತರದ ಕುರ್ಚಿಯಲ್ಲಿ 98 ವರ್ಷಗಳ ಮೇಲೆ ನಮ್ಮ ಬಳ್ಳಾರಿಯ ಹೆಣ್ಣುಮಗಳು ಕೂತರು.

ಎರಡನೆಯ ಪ್ರಶ್ನೆ: ನಾನು ಆಗಬೇಕಾದರೆ ಏನು ಓದಬೇಕು?

ಬರೆದುಕೊಳ್ಳಿ. ಯಾವ ವಿಷಯದಲ್ಲಾದರೂ ಪಿ.ಯು.ಸಿ. ಮುಗಿಸಿದ ಮೇಲೆ ಐದು ವರ್ಷದ ಕಾನೂನು ಪದವಿ. ಇಲ್ಲವೇ ಬೇರೆ ಪದವಿಯ ಮೇಲೆ ಮೂರು ವರ್ಷ. ನಮ್ಮ ಕೆ.ಜಿ.ಎಫ್.ನಲ್ಲೇ ಕೆಂಗಲ್ ಹನುಮಂತಯ್ಯನವರ ಹೆಸರಿನ ಲಾ ಕಾಲೇಜಿದೆ. ಪದವಿಯ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ವಕೀಲಿ ಆರಂಭಿಸಬೇಕು. ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಬೇಕು. ಕೆಳಗಿನ ಮೆಟ್ಟಿಲು ಸಿವಿಲ್ ನ್ಯಾಯಾಧೀಶರ ಹುದ್ದೆ. ಅದಕ್ಕೆ ಹೈಕೋರ್ಟೇ ಪರೀಕ್ಷೆ ನಡೆಸುತ್ತದೆ. ಆ ಪರೀಕ್ಷೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ತರ್ಜುಮೆಯೂ ಇದೆ. ಮನೆಯಲ್ಲಿ ತಮಿಳು, ತೆಲುಗು ಆಡುವ ನಮ್ಮ ಗಣಿಯ ಮಕ್ಕಳು ಕನ್ನಡ ಬರವಣಿಗೆಯನ್ನು ಈಗಿನಿಂದಲೇ ಗಟ್ಟಿ ಮಾಡಿಕೊಳ್ಳಲಿ. ಎರಡು ಮೂರು ಭಾಷೆ ಬಲ್ಲವರು ಅವರು. ಕೋರ್ಟಿನಲ್ಲಿ ಅದು ಹೊರೆಯಲ್ಲ, ಬಲ.

2025ರ ಮೇ 20ರಂದು ಸುಪ್ರೀಂ ಕೋರ್ಟು ಒಂದು ಹಳೆಯ ನಿಯಮವನ್ನು ಮತ್ತೆ ತಂದಿತು: ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರಲು ಮೂರು ವರ್ಷ ವಕೀಲಿ ಮಾಡಿರಬೇಕು. ಅನುಭವ ಬೇಕೆಂಬುದರಲ್ಲಿ ನ್ಯಾಯವಿದೆ. ಆದರೆ ಲೆಕ್ಕ ನಮ್ಮ ಮನೆಯದು. ಪಿ.ಯು.ಸಿ. ಮೇಲೆ ಐದು, ಆಮೇಲೆ ಮೂರು, ಒಟ್ಟು ಎಂಟು ವರ್ಷ. ಕೊನೆಯ ಮೂರು ವರ್ಷ ಹಿರಿಯ ವಕೀಲರ ಹಿಂದೆ ಫೈಲು ಹೊತ್ತು ತಿರುಗುವ ಕಾಲ. ಬಸ್ಸಿನ ಖರ್ಚಿಗೂ ಕೈಗೆ ಹಣ ಬಾರದೆ ಇರಬಹುದು. ಉಳ್ಳವರ ಮಗಳು ಆ ಮೂರು ವರ್ಷ ಕಾಯಬಲ್ಲಳು. ನಿಮ್ಮ ಮಗಳು ಹೇಗೆ ಕಾಯಬೇಕು? ಪರಿಶಿಷ್ಟ ಜಾತಿಯ ಕಾನೂನು ಪದವೀಧರರಿಗೆ ತರಬೇತಿಯ ಕಾಲದಲ್ಲಿ ಭತ್ಯೆ ಕೊಡುವ ಯೋಜನೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯಲ್ಲಿದೆ. ವಿಚಾರಿಸಿ ಅರ್ಜಿ ಹಾಕಿ. ದುಡಿಯುವ ಮನೆಗಳಿಂದ ಬಂದ ಎಲ್ಲ ಹೆಣ್ಣುಮಕ್ಕಳಿಗೂ ಅಂಥ ಭತ್ಯೆ ಬೇಕೆಂಬುದು ನಮ್ಮ ಬೇಡಿಕೆ. 1916ರಲ್ಲಿ ಒಂದು ಶಬ್ದ ಬಾಗಿಲು ಮುಚ್ಚಿತ್ತು. ಈಗ ಮೂರು ವರ್ಷದ ಹೊಟ್ಟೆಪಾಡು ಅದನ್ನು ಮುಚ್ಚಬಾರದು.

ಮಕ್ಕಳು ದೊಡ್ಡವರಾಗುವವರೆಗೆ ಕಾಯದೆ ನೀವೇ ಬಳಸಬಹುದಾದ ಹಕ್ಕೊಂದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ಹೆಂಗಸಿನ ವರಮಾನ ಎಷ್ಟೆಂದು ಕೇಳುವಂತಿಲ್ಲ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬೇಕು. ಪಿ.ಎಫ್. ಬಾರದಿದ್ದರೆ, ಗಂಡ ಜೀವನಾಂಶ ಕೊಡದಿದ್ದರೆ, ಮನೆಯಲ್ಲಿ ಹೊಡೆತ ತಿನ್ನುತ್ತಿದ್ದರೆ ಸಾಲ ಮಾಡಿ ವಕೀಲರನ್ನು ಹಿಡಿಯುವ ಮೊದಲು ಆ ಬಾಗಿಲು ತಟ್ಟಿ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇವೆ. ಕೆ.ಜಿ.ಎಫ್.ನಲ್ಲೂ ಬಂಗಾರಪೇಟೆಯಲ್ಲೂ ಕೋರ್ಟುಗಳಿವೆ. ಗುಟ್ಟಾಗಿ ನಡೆಯಬೇಕಾದ ಕೆಲವು ಮೊಕದ್ದಮೆಗಳನ್ನು ಬಿಟ್ಟರೆ ಕೋರ್ಟು ತೆರೆದ ಬಾಗಿಲ ಸ್ಥಳ. ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು. ಬಡವರ ಮಕ್ಕಳು ಕೋರ್ಟು ನೋಡುವುದು ಮನೆಗೆ ಸಮನ್ಸು ಬಂದಾಗ, ಅಳುತ್ತಾ ಹೋಗುವಾಗ. ಈ ಸಲ ಶಾಲೆಗೆ ರಜೆ ಬಂದು ಕೋರ್ಟು ನಡೆಯುವ ಒಂದು ದಿನ ನೋಡಿ ನಿಮ್ಮ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಕರೆದುಕೊಂಡು ಹೋಗಿ. ನಾವೂ ಜೊತೆಗೆ ಬರುತ್ತೇವೆ. ಪೀಠದಲ್ಲಿ ಒಬ್ಬ ಹೆಂಗಸು ಕೂತಿದ್ದರೆ ಮಕ್ಕಳು ಕಣ್ಣಾರೆ ನೋಡಲಿ. ಮನೆಗೆ ಬಂದ ಮೇಲೆ ಅವರ ಪ್ರಶ್ನೆ ಕೇಳಿ.

ಅಂದು ಕೂರಿಸಿದ ಆ ಹುಡುಗಿಯನ್ನು ಮೊನ್ನೆ ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ಕಂಡೆವು. ಈ ಎರಡು ಉತ್ತರಗಳನ್ನೂ ಅವಳಿಗೆ ಹೇಳಿ, ಅಂದಿನ ತಪ್ಪಿಗೆ ಕ್ಷಮೆ ಕೇಳಿದೆವು. ಅವಳು ನಕ್ಕು, "ಪರವಾಗಿಲ್ಲ ಸಾರ್, ನನ್ನ ತಂಗಿ ಎಂಟನೇ ಕ್ಲಾಸು, ಅವಳಿಗೆ ಹೇಳಿ" ಎಂದಳು. ರೈಲು ಬಂತು, ಹತ್ತಿ ಹೋದಳು. ಆ ತಂಗಿ ಇವತ್ತು ಈ ಸಭೆಯ ಮುಂದಿನ ಸಾಲಿನಲ್ಲಿದ್ದಾಳೆ. ನಮ್ಮ ಮಾತು ಮುಗಿಯಿತು. ಅವಳು ಏನಾದರೂ ಕೇಳುವುದಿದ್ದರೆ ಎದ್ದು ನಿಂತು ಕೇಳಲಿ.